ತಪ್ಪು ಒಪ್ಪಿಕೊಂಡವರಿಗೆ ಮತ್ತೆ ವೇದಿಕೆ ಕೊಡಬೇಕೇ? (ಪರ-ವಿರೋಧ)

ಹೆಣ್ಣುಮಕ್ಕಳ ಜೊತೆ ಹಿಂದೆ ಕೆಟ್ಟದಾಗಿ ನಡೆದುಕೊಂಡ ನಟನೋ, ಲೇಖಕನೋ, ನಾಯಕನೋ ‘ಹೌದು, ಮಾಡಿದ್ದೆ’ ಎಂದು ಒಪ್ಪಿಕೊಂಡರೆ ಮುಂದೇನು? ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ನಾಟಕದ ತಾಲೀಮು ಮುಗಿಸಿ ಟೀ ಕುಡಿಯುವಾಗ ಈ ಮಾತು ಬಂದರೆ ಸಾಕು, ಗುಂಪು ಎರಡಾಗುತ್ತದೆ. ಪರವಾಗಿ ಬರೆದವರು ಸಾಗರದ ಹವ್ಯಾಸಿ ರಂಗಕರ್ಮಿ. ಅದನ್ನು ಓದಿ ವಿರೋಧವಾಗಿ ಬರೆದವರು ಶಿವಮೊಗ್ಗದ ಅಧ್ಯಾಪಕಿ.

ಪರ: ಬಾಗಿಲು ಮುಚ್ಚಿದರೆ ಬಾಯಿಯೂ ಮುಚ್ಚುತ್ತದೆ

ನಾನು ಹೇಳುತ್ತಿರುವುದು ಒಪ್ಪಿಕೊಂಡವರ ಬಗ್ಗೆ ಮಾತ್ರ. ಆರೋಪ ಬಂದ ಮರುದಿನವೇ ವಕೀಲರಿಂದ ನೋಟಿಸು ಕಳಿಸಿದವರ ಪರ ನಾನಿಲ್ಲ. ಅತ್ಯಾಚಾರದಂಥ ಅಪರಾಧಕ್ಕೆ ಕೋರ್ಟು, ಜೈಲು ಇದೆ. ಅಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆ ಇಲ್ಲ, ಇರಲೂಬಾರದು. ಈ ಎರಡು ಗುಂಪು ಬಿಟ್ಟರೆ ಉಳಿಯುವವರು ಎಷ್ಟು ಜನ? ನಮ್ಮ ದೇಶದಲ್ಲಂತೂ ಹುಡುಕಬೇಕು.

ಯಾಕೆ ಹೀಗೆ? 2018ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. ಲೈಂಗಿಕ ಕಿರುಕುಳ ಅನುಭವಿಸಿದ ಹೆಂಗಸರು ಅದನ್ನು ಬಹಿರಂಗವಾಗಿ ಹೇಳಿಕೊಂಡ ಮೀ ಟೂ ಚಳವಳಿ ನಮ್ಮಲ್ಲಿಗೆ ಬಂದ ತಿಂಗಳು. ಆಗ ಕೇಂದ್ರದಲ್ಲಿ ಮಂತ್ರಿಯಾಗಿದ್ದ ಎಂ.ಜೆ. ಅಕ್ಬರ್ ಬಗ್ಗೆ, ಅವರು ಹಿಂದೆ ಪತ್ರಿಕಾ ಸಂಪಾದಕರಾಗಿದ್ದಾಗ ಕೈಕೆಳಗೆ ಕೆಲಸ ಮಾಡಿದ್ದ ಪತ್ರಕರ್ತೆಯರು ಒಬ್ಬೊಬ್ಬರಾಗಿ ಮಾತಾಡಿದರು. ಅಕ್ಬರ್ ಎಲ್ಲವನ್ನೂ ಅಲ್ಲಗಳೆದರು. ಮೊದಲು ಮಾತಾಡಿದ ಪ್ರಿಯಾ ರಮಣಿ ಮೇಲೆ ಮಾನನಷ್ಟದ ಕೇಸು ಹಾಕಿದರು. ಮಂತ್ರಿಗಿರಿ ಬಿಟ್ಟರು, ಕೇಸು ಬಿಡಲಿಲ್ಲ. 2021ರ ಫೆಬ್ರವರಿಯಲ್ಲಿ ದೆಹಲಿಯ ಕೋರ್ಟು ರಮಣಿಯವರನ್ನು ಖುಲಾಸೆ ಮಾಡಿತು. ದಶಕಗಳು ಕಳೆದ ಮೇಲೂ ಹೆಣ್ಣು ತನ್ನ ದೂರನ್ನು ತನಗೆ ಬೇಕಾದ ಕಡೆ ಹೇಳಿಕೊಳ್ಳಬಹುದು ಎಂದಿತು. ಒಳ್ಳೆಯ ತೀರ್ಪೇ. ಆದರೆ ಅದು ಬರುವ ಹೊತ್ತಿಗೆ ಆಕೆ ಎರಡು ವರ್ಷಕ್ಕೂ ಜಾಸ್ತಿ ಆರೋಪಿಯಾಗಿ ಕೋರ್ಟು ಅಲೆದಿದ್ದರು.

ನಮ್ಮಲ್ಲಿ ಮಾನನಷ್ಟ ಇವತ್ತಿಗೂ ಕ್ರಿಮಿನಲ್ ಕೇಸು. ಒಪ್ಪಿಕೊಂಡ ಮಾತು ನಾಳೆ ತನ್ನ ವಿರುದ್ಧವೇ ಸಾಕ್ಷಿಯಾಗಬಹುದು. ಹಾಗಾಗಿ ಯಾವ ವಕೀಲರನ್ನು ಕೇಳಿದರೂ ಮೊದಲ ಸಲಹೆ ಒಂದೇ: ಏನನ್ನೂ ಒಪ್ಪಬೇಡಿ. ಊರಿನ ಸಲಹೆಯೂ ಅದೇ. ಸ್ವಲ್ಪ ದಿನ ಸುಮ್ನಿರು, ಜನ ಮರೀತಾರೆ. ಮರೆಯುತ್ತಾರೆ ಕೂಡ. 2012ರಲ್ಲಿ ನಮ್ಮ ವಿಧಾನಸಭೆಯೊಳಗೇ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಆರೋಪದ ಮೇಲೆ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯಾದರು. ಅದು ಯಾರ ಮೈಮೇಲೂ ಕೈ ಹಾಕಿದ ಪ್ರಕರಣವಲ್ಲ, ಒಪ್ಪುತ್ತೇನೆ. ಜನರ ನೆನಪು ಎಷ್ಟು ದಿನದ್ದು ಅನ್ನುವುದಕ್ಕೆ ಹೇಳಿದೆ ಅಷ್ಟೆ.

ಅಂದರೆ ಅಲ್ಲಗಳೆದವನಿಗೆ ನಾಲ್ಕು ವರ್ಷದಲ್ಲಿ ಶಾಲು, ಹಾರ, ಫಲತಾಂಬೂಲ. ಒಪ್ಪಿಕೊಂಡವನಿಗೆ ಮಾತ್ರ ಜೀವಮಾನ ಬಹಿಷ್ಕಾರ. ಈ ಲೆಕ್ಕ ನೋಡಿದ ಯಾವ ಗಂಡಸು ತಾನಾಗಿ ಬಾಯಿ ಬಿಡುತ್ತಾನೆ ಹೇಳಿ?

ಒಪ್ಪಿಕೊಳ್ಳುವುದರಿಂದ ಆಕೆಗೇನು ಲಾಭ ಅಂತ ಕೇಳಬಹುದು. ಅಮೆರಿಕದ ಟಿವಿ ಬರಹಗಾರ ಡ್ಯಾನ್ ಹಾರ್ಮನ್ ಕತೆ ಕೇಳಿ. ಇವನ ಕೈಕೆಳಗೆ ಮೇಗನ್ ಗ್ಯಾನ್ಜ್ ಎಂಬ ಬರಹಗಾರ್ತಿ ಇದ್ದರು. ಇವನಿಗೆ ಅವರ ಮೇಲೆ ಮನಸ್ಸು. ಅವರು ಒಲ್ಲೆ ಎಂದರು. ಅಲ್ಲಿಂದ ಕೆಲಸದ ಜಾಗದಲ್ಲಿ ಕಾಟ ಶುರು. 2018ರ ಜನವರಿಯಲ್ಲಿ ಅವರು ಟ್ವಿಟರ್‌ನಲ್ಲಿ ಬಹಿರಂಗವಾಗಿಯೇ ಕೇಳಿದ ಮೇಲೆ ಇವನು ತನ್ನ ಪಾಡ್‌ಕಾಸ್ಟ್‌ನಲ್ಲಿ ಸುಮಾರು ಏಳು ನಿಮಿಷ ಮಾತಾಡಿದ. ‘ಯಾರಿಗಾದರೂ ನೋವಾಗಿದ್ದರೆ’ ಎಂಬ ರಾಗ ಎಳೆಯಲಿಲ್ಲ. ಏನೇನು ಮಾಡಿದೆ, ಮಾಡುವಾಗ ತನಗೆ ತಾನೇ ಏನು ಸುಳ್ಳು ಹೇಳಿಕೊಂಡೆ, ಆ ಜಾಗದಲ್ಲಿ ಗಂಡಸಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದೆಲ್ಲ ಬಿಡಿಸಿ ಹೇಳಿದ. ಗ್ಯಾನ್ಜ್ ಕ್ಷಮಿಸಿದರು. ಕ್ಷಮೆ ಕೇಳುವುದು ಹೇಗೆ ಎಂಬುದಕ್ಕೆ ಇದೇ ಪಾಠ ಎಂದರು. ಅವನ ಬಾಯಿಂದಲೇ ಕೇಳಿದಾಗ, ಇದೆಲ್ಲ ನಿಜಕ್ಕೂ ನಡೆದಿತ್ತು, ನನ್ನ ತಲೆ ಕೆಟ್ಟಿರಲಿಲ್ಲ ಅನ್ನುವ ನಿರಾಳ ಸಿಕ್ಕಿತು ಅಂತಲೂ ಆಮೇಲೆ ಹೇಳಿಕೊಂಡರು. ಈ ನಿರಾಳವನ್ನು ಕೋರ್ಟು ಕೊಡುವುದಿಲ್ಲ, ಬಹಿಷ್ಕಾರವೂ ಕೊಡುವುದಿಲ್ಲ. ತಪ್ಪು ಮಾಡಿದವನ ಬಾಯೇ ಬೇಕು.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೋದವರಿಗೆ ಆ ಕತೆ ಗೊತ್ತು. ತಾಯಿಯ ತಲೆ ಕಡಿದ ಪರಶುರಾಮ ಕೊಡಲಿ ತೊಳೆಯಲು ಹೊಳೆ ಹೊಳೆ ಸುತ್ತಿದ. ಎಲ್ಲಿ ತೊಳೆದರೂ ಎಳ್ಳಿನಷ್ಟು ರಕ್ತದ ಕಲೆ ಉಳಿದೇಬಿಟ್ಟಿತು. ಕೊನೆಗೆ ತುಂಗೆಯಲ್ಲಿ ಹೋಯಿತು. ಇವತ್ತಿಗೂ ಜನ ಆ ಜಾಗದಲ್ಲಿ, ರಾಮಕೊಂಡದಲ್ಲಿ, ಮುಳುಗಿ ಏಳುತ್ತಾರೆ. ಇಷ್ಟು ಘೋರ ಪಾಪಕ್ಕೂ ಒಂದು ಹೊಳೆ ಇಟ್ಟ ಊರಿನವರು ನಾವು.

ಹಾಗಂತ ಮುಳುಗಿ ಎದ್ದ ಕೂಡಲೇ ಮುಖ್ಯ ಅತಿಥಿ ಕುರ್ಚಿ ಕೊಡಿ ಅನ್ನುತ್ತಿಲ್ಲ. ನಾಟಕದವನಾದರೆ ವಾಪಸ್ ಬಂದು ಲೈಟ್ ಕಟ್ಟಲಿ, ಪರದೆ ಎಳೆಯಲಿ. ಹುಡುಗಿಯರ ಪಾತ್ರಹಂಚಿಕೆ, ಒಬ್ಬೊಬ್ಬರಿಗೇ ತಾಲೀಮು, ಇಂಥ ಯಾವ ಅಧಿಕಾರವೂ ಅವನ ಕೈಗೆ ಬೇಡ. ವರ್ಷಗಳು ಹೋಗಲಿ, ನೋಡೋಣ. ಆದರೆ ‘ಇನ್ನು ನೀನು ಸತ್ತಂತೆ’ ಅಂತ ಮೊದಲೇ ತೀರ್ಮಾನ ಮಾಡಿಟ್ಟರೆ ಅವನು ಬದಲಾಗುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ವಿರೋಧ: ಕ್ಷಮೆ ಬೇರೆ, ಮೈಕು ಬೇರೆ

ಪರಶುರಾಮನ ಕತೆಯನ್ನು ಅರ್ಧದಿಂದ ಹೇಳಿದ್ದಾರೆ. ತಾಯಿಯನ್ನು ಕಡಿದ ಮೇಲೆ ತಂದೆ ಜಮದಗ್ನಿ ವರ ಕೇಳು ಎಂದಾಗ ಮಗ ಮೊದಲು ಕೇಳಿದ್ದು ತಾಯಿಯ ಜೀವ. ರೇಣುಕೆ ಎದ್ದು ಕೂತಳು. ಕೊಡಲಿ ತೊಳೆಯುವ ಚಿಂತೆ ಆಮೇಲಿನದು. ನಮ್ಮ ಕಾಲದ ದೊಡ್ಡ ಮನುಷ್ಯರು ರೇಣುಕೆಯನ್ನು ಅಲ್ಲೇ ಬಿಟ್ಟು ನೆಟ್ಟಗೆ ಹೊಳೆಗೆ ಹೋಗುತ್ತಾರೆ. ಹೋಗುವಾಗ ಫೋಟೊಗ್ರಾಫರನ್ನೂ ಕರೆದುಕೊಂಡು ಹೋಗುತ್ತಾರೆ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ. ನಾನು ಪಾಠ ಮಾಡಿದ ಹುಡುಗಿಯರಲ್ಲಿ ನಾಟಕ ಬಿಟ್ಟವರಿದ್ದಾರೆ. ಯಾಕೆ ಬಿಟ್ಟೆ ಅಂದರೆ ‘ಮನೇಲಿ ಬೇಡ ಅಂದ್ರು ಮೇಡಂ’. ಒಂದು ಹಂತದವರೆಗೆ ಅದು ನಿಜವೇ. ತಾಲೀಮು ನಡೆಯುವುದು ಸಂಜೆ ಮೇಲೆ. ಊರಿಗೆ ಕೊನೇ ಬಸ್ಸು ತಪ್ಪಿದರೆ ಯಾರದೋ ಬೈಕು, ಯಾರದೋ ಕಾರು. ಆ ಕಾರಿನಲ್ಲಿ ಏನೋ ನಡೆದಿರುತ್ತದೆ. ಅದನ್ನು ಅಮ್ಮನಿಗೆ ಹೇಳಿದರೆ ಅಮ್ಮ ಮಾಡುವ ಮೊದಲ ಕೆಲಸ ಮಗಳನ್ನು ತಾಲೀಮಿನಿಂದ ಬಿಡಿಸುವುದು. ನಾಟಕ ಆಡಿಸುವ ಸರ್ ಮಾತ್ರ ಹಾಗೇ ಇರುತ್ತಾರೆ. ಮುಂದಿನ ನಾಟಕ, ಮುಂದಿನ ಹುಡುಗಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತೇವೆ. ಅಡಿಕೆ ಸೀಮೆಯಲ್ಲಿ ನಾನು ಕಂಡ ಹಾಗೆ ಆ ಗಾದೆ ಅನ್ವಯ ಆಗುವುದು ಹುಡುಗಿಗೇ. ಸರ್‌ಗೆ ಯಾವ ಮಾನವೂ ಹೋಗಿರುವುದಿಲ್ಲ.

ಹೀಗಾಗಿ ‘ವಾಪಸ್ ಬರುವ ದಾರಿ’ ಎಂಬ ಚರ್ಚೆ ಕೇಳಿದಾಗ ನನಗೆ ವಿಚಿತ್ರ ಅನ್ನಿಸುತ್ತದೆ. ಅವನನ್ನು ವಾಪಸ್ ಕರೆಯಬೇಕೋ ಬೇಡವೋ ಅಂತ ಎರಡು ಪುಟ ಬರೆಯುತ್ತೇವೆ. ಬಿಟ್ಟುಹೋದವಳನ್ನು ವಾಪಸ್ ಕರೆಯೋಣ ಅಂತ ಒಂದು ಸಾಲೂ ಇಲ್ಲ, ಅಲ್ವಾ? ಒಳ್ಳೆಯ ನಟಿಯಾಗಬಹುದಾಗಿದ್ದವಳು ಬೆಂಗಳೂರಿನಲ್ಲಿ ಯಾವುದೋ ಆಫೀಸಿನಲ್ಲಿದ್ದಾಳೆ. ಅವಳ ಪ್ರತಿಭೆಯ ಬಗ್ಗೆ ಯಾರೂ ‘ಕಲೆಗೆ ನಷ್ಟ’ ಅನ್ನುವುದಿಲ್ಲ. ಅವನ ವಿಷಯ ಬಂದಾಗ ಮಾತ್ರ ಆ ಮಾತು ಬರುತ್ತದೆ.

ಇನ್ನು ತಪ್ಪೊಪ್ಪಿಗೆಯ ಬಗ್ಗೆ. ಅಮೆರಿಕದ ಹಾಸ್ಯಗಾರ ಲೂಯಿ ಸಿ.ಕೆ. ಹೆಸರನ್ನು ಪರ ಬರೆದವರು ಎತ್ತಲಿಲ್ಲ. ಎತ್ತಿದ್ದರೆ ಅವರ ವಾದ ಅಲ್ಲೇ ಕುಂಟುತ್ತಿತ್ತು. ಅವನು ತಮ್ಮೆದುರು ಎಷ್ಟು ಅಸಭ್ಯವಾಗಿ ನಡೆದುಕೊಂಡ ಎಂಬ ಐವರು ಹೆಂಗಸರ ಮಾತನ್ನು 2017ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಮರುದಿನ ‘ಈ ಕತೆಗಳು ನಿಜ’ ಎಂದ. ಅದಕ್ಕೂ ಮೊದಲು ವರ್ಷಗಟ್ಟಲೆ ಅದು ಸುಮ್ನೆ ಗಾಳಿಮಾತಾಗಿತ್ತು. ಒಪ್ಪಿಕೊಂಡ ಆ ಉದ್ದದ ಹೇಳಿಕೆಯಲ್ಲಿ ‘ಸಾರಿ’ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಇನ್ನು ಬಹಳ ಕಾಲ ಸುಮ್ಮನಿದ್ದು ಕೇಳಿಸಿಕೊಳ್ಳುತ್ತೇನೆ ಎಂದಿದ್ದ. ಒಂಬತ್ತೇ ತಿಂಗಳಿಗೆ ನ್ಯೂಯಾರ್ಕಿನ ಕ್ಲಬ್ಬೊಂದರ ವೇದಿಕೆ ಹತ್ತಿದ. 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅವನಿಗೆ ದಾರಿ ಮುಚ್ಚಿದವರು ಯಾರು? ಒಪ್ಪಿಕೊಂಡವರಿಗೆ ಜೀವಮಾನ ಬಹಿಷ್ಕಾರ ಅನ್ನುವುದು ಹೆದರಿಕೆಯ ಮಾತೇ ಹೊರತು ನಡೆದದ್ದಲ್ಲ.

ಹಾರ್ಮನ್ ಕತೆ ಬೇರೆ, ಅದನ್ನು ಒಪ್ಪುತ್ತೇನೆ. ಆ ಏಳು ನಿಮಿಷಕ್ಕೆ ಬೆಲೆ ಇದೆ. ಆದರೂ ಗ್ಯಾನ್ಜ್ ಮಾತಾಡಿದ ಮೇಲೆ ಅವನು ಬಾಯಿಬಿಟ್ಟದ್ದು. ಹಾಗಾಗಿ ಅವನ ಬಾಯಿ ತೆರೆಸಿದ್ದು ವೇದಿಕೆ ವಾಪಸ್ ಸಿಗುವ ಆಸೆಯಲ್ಲ, ಅವಳ ಧೈರ್ಯ. ಇನ್ನೊಂದು ಭಯವೂ ಇದೆ. ಒಬ್ಬಳು ಕ್ಷಮಿಸಿದ ಸುದ್ದಿ ಬಂದರೆ ಉಳಿದವರ ಮೇಲೆ ಕಣ್ಣು ಬೀಳುತ್ತದೆ. ಅವಳೇ ಕ್ಷಮಿಸಿದಳು, ನಿನಗೇನು ಧಾಡಿ? ಐಸ್‌ಲ್ಯಾಂಡಿನ ಟೋರ್ಡಿಸ್ ಎಲ್ವಾ ಎಂಬಾಕೆ ಹದಿಹರೆಯದಲ್ಲಿ ತನ್ನ ಮೇಲೆ ಅತ್ಯಾಚಾರ ಮಾಡಿದವನಿಗೆ ತಾನಾಗಿ ಪತ್ರ ಬರೆದಳು. ಅವನು ಒಪ್ಪಿಕೊಂಡ. ವರ್ಷಗಟ್ಟಲೆ ಪತ್ರ ನಡೆದ ಮೇಲೆ ಇಬ್ಬರೂ ಸೇರಿ ಪುಸ್ತಕ ಬರೆದರು, ಒಂದೇ ವೇದಿಕೆಯಲ್ಲಿ ಮಾತಾಡಿದರು. ಅವಳ ಆಯ್ಕೆ, ಅವಳ ಬದುಕು. ನಾನು ಕೈಮುಗಿಯುತ್ತೇನೆ. ಆದರೆ 2017ರಲ್ಲಿ ಅವರು ಲಂಡನ್ನಿಗೆ ಬಂದಾಗ, ಅತ್ಯಾಚಾರ ಮಾಡಿದವನಿಗೆ ವೇದಿಕೆ ಯಾಕೆ ಅಂತ ಅರ್ಜಿ ಹಾಕಿದವರೂ ಇದ್ದರು. ಸಭೆಯಲ್ಲಿ ಕೂತ ಬೇರೆ ಹೆಂಗಸರ ಪರವಾಗಿ ಎಲ್ವಾ ಕ್ಷಮಿಸಲು ಬರುವುದಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲಿ ಬಂದ ಕಾಯ್ದೆಯಲ್ಲಿ ರಾಜಿಗೆ ಅವಕಾಶ ಇದೆ. ಆದರೆ ಅದನ್ನು ಕೇಳಬೇಕಾದವಳು ದೂರು ಕೊಟ್ಟ ಹೆಣ್ಣು. ಅವಳು ಕೇಳದೆ, ದೂರು ವಿಚಾರಿಸುವ ಸಮಿತಿ ಆ ಮಾತು ಎತ್ತುವಂತಿಲ್ಲ. ದುಡ್ಡು ಕೊಟ್ಟು ರಾಜಿ ಮಾಡುವಂತೆಯೂ ಇಲ್ಲ. ನಮ್ಮ ಊರುಗಳಲ್ಲಿ ಮಾತ್ರ ಇದು ಉಲ್ಟಾ. ನಾಲ್ಕು ಜನ ಹಿರಿಯರು ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ಹುಡುಗನ ಭವಿಷ್ಯ, ಸಂಘದ ಹೆಸರು ಅನ್ನುತ್ತಾರೆ. ಅವಳನ್ನು ಒಳಗಿನಿಂದ ಕರೆದು, ಹೂಂ ಅನ್ನಿಸಿ, ಎದ್ದು ಹೋಗುತ್ತಾರೆ.

ಅವನು ಬದಲಾಗಲು ಸಾಧ್ಯವೇ? ಸಾಧ್ಯ ಅಂತಲೇ ನಂಬುತ್ತೇನೆ. ಇಲ್ಲದಿದ್ದರೆ ಮೇಷ್ಟರ ಕೆಲಸ ಮಾಡುವುದೇ ವ್ಯರ್ಥ. ಅವನು ತೋಟ ನೋಡಿಕೊಳ್ಳಲಿ, ಅಂಗಡಿ ಇಡಲಿ, ಮಕ್ಕಳನ್ನು ಸರಿಯಾಗಿ ಬೆಳೆಸಲಿ. ಮನೆ ಮದುವೆಗೆ ಕರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮನುಷ್ಯನಾಗಿ ಬದುಕಲು ಯಾರಿಗೂ ಮೈಕು ಬೇಕಾಗಿಲ್ಲ. ಮೈಕು, ಪಾತ್ರ ಹಂಚುವ ಅಧಿಕಾರ, ಚುನಾವಣೆಯ ಟಿಕೆಟ್ಟು, ಇವೆಲ್ಲ ಜನರ ನಂಬಿಕೆಯಿಂದ ಬರುವಂಥವು. ಅವನು ದುರುಪಯೋಗ ಮಾಡಿದ್ದು ಅದನ್ನೇ. ಲೈಟ್ ಕಟ್ಟಲಿ ಅನ್ನುತ್ತಾರೆ ಸಾಗರದವರು. ಆ ಲೈಟಿನ ಕೆಳಗೆ ನಿಲ್ಲಬೇಕಾದ ಹುಡುಗಿಯನ್ನು ಕೇಳಿದ್ದೀರಾ? ಸಣ್ಣ ಊರಲ್ಲಿ ಅವಳಿಗೆ ಅವನು ಹೇಗೂ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮಾರಿಜಾತ್ರೆಯಲ್ಲಿ ಎದುರಾಗುತ್ತಾನೆ. ರಂಗಮಂದಿರ ಒಂದಾದರೂ ಅವಳಿಗೆ ಬಿಟ್ಟುಕೊಡಬಾರದೇ?

ಚರ್ಚೆಗಿಂತ ತುರ್ತಿನ ಕೆಲಸವೊಂದಿದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಯ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ದೂರಿಗೆ ಮೂರು ತಿಂಗಳ ಗಡುವು, ಸಮಿತಿ ಒಪ್ಪಿದರೆ ಇನ್ನೂ ಮೂರು. ಹವ್ಯಾಸಿ ತಂಡಗಳ ಹುಡುಗಿಯರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಡಿಸಿ ಆಫೀಸಿನಲ್ಲಿ ವಿಚಾರಿಸಿ, ಆ ಸಮಿತಿಯ ವಿವರ ತಂದು ನಿಮ್ಮ ತಾಲೀಮು ಕೋಣೆಯ ಗೋಡೆಗೆ ಅಂಟಿಸಿ. ತಾಲೀಮು ಮುಗಿದ ಮೇಲೆ ಹುಡುಗಿಯರು ಮನೆ ಮುಟ್ಟುವುದಕ್ಕೆ ತಂಡದ ಖರ್ಚಿನಲ್ಲೇ ಆಟೊ ಮಾಡಿ. ಹಳೇ ಸರ್ ಅವರನ್ನು ಕರೆಯುವ ಮಾತು ಆಮೇಲೆ ಎತ್ತಿ. ಆ ಸಭೆಗೆ ನಾನೂ ಬರುತ್ತೇನೆ, ಬಿಟ್ಟುಹೋದವರಲ್ಲಿ ಯಾರಾದರೂ ಬರಲು ಒಪ್ಪಿದರೆ ಅವರನ್ನೂ ಕರೆದುಕೊಂಡು ಬರುತ್ತೇನೆ.