ಬೈ ಟು ಆಪ್ಷನ್ ಇಲ್ರಿ

ನಮ್ಮ ರಸ್ತೆ ತಿರುವಿನ ಹಳೇ ಹೋಟೆಲ್ ಮುಚ್ಚಿ, ಆ ಜಾಗಕ್ಕೆ ಕಾಫಿಯ ಚೈನ್ ಅಂಗಡಿಯೊಂದು ಬಂದಿದೆ. ಯಾವ ಕಂಪನಿ ಅಂತ ಕೇಳಬೇಡಿ. ಒಳಗೆ ಹೋಗಿ ಕೂತ ಮೇಲೆ ಯಾವುದಾದರೇನು, ಅದೇ ಹಳದಿ ದೀಪ, ಅದೇ ಕಪ್ಪು ಏಪ್ರನ್, ಅದೇ ಗಾರೆ ಮೆತ್ತದ ಇಟ್ಟಿಗೆ ಗೋಡೆ. ಗೋಡೆಗೆ ಗಾರೆ ಮೆತ್ತದೆ ಬಿಟ್ಟರೆ ನಮ್ಮ ಕಡೆ ‘ಪಾಪ, ದುಡ್ಡು ಸಾಲಲಿಲ್ಲ’ ಅನ್ನುತ್ತಾರೆ. ಇಲ್ಲಿ ಹಾಗೆ ಬಿಡುವುದಕ್ಕೇ ಆರ್ಕಿಟೆಕ್ಟ್ ದುಡ್ಡು ತಗೊಳ್ಳುತ್ತಾನೆ. ತಿಪಟೂರಿನಿಂದ ಭಾವ ಬಂದಿದ್ದರು. ಅವರಿಗೆ ಹೊಸ ಅಂಗಡಿ ತೋರಿಸೋಣ ಎಂಬ ದುರ್ಬುದ್ಧಿ ಹೊಳೆದದ್ದು ನನಗೇ.

ಕೌಂಟರಿನ ಹುಡುಗನಿಗೆ ಭಾವ, “ಒಂದು ಬೈ ಟು ಕಾಫಿ ಕೊಡಪ್ಪ, ಸ್ವಲ್ಪ ಸ್ಟ್ರಾಂಗಾಗಿರ್ಲಿ” ಅಂದರು.

ಹುಡುಗ ಪರದೆ ನೋಡಿದ. ಬೆರಳಲ್ಲಿ ಮೇಲಕ್ಕೆ ತಳ್ಳಿದ, ಕೆಳಕ್ಕೆ ತಳ್ಳಿದ. ಆಮೇಲೆ ಮ್ಯಾನೇಜರಿಗೆ ಕೇಳದ ಹಾಗೆ ನಮ್ಮತ್ತ ಬಗ್ಗಿ, “ಬೈ ಟು ನಂಗ ಗೊತ್ತೈತ್ರೀ ಸರ. ಸಿಸ್ಟಮ್ನ್ಯಾಗ ಆಪ್ಷನ್ ಇಲ್ರಿ” ಅಂದ. ಸಿಂಧನೂರು ಕಡೆಯ ಹುಡುಗ.

ಎಂಥ ಪ್ರಗತಿ ನೋಡಿ. ಕ್ಯಾರಮೆಲ್ ಸುರಿಯಲು ಆಪ್ಷನ್ ಇದೆ. ಹಾಲು ಬೇಡವೆಂದರೆ ಓಟ್ಸ್ ಹಿಂಡಿದ ನೀರಿಗೆ ಆಪ್ಷನ್ ಇದೆ. ಕೆಫೀನ್ ತೆಗೆದ ಕಾಫಿಗೂ ಇದೆ, ಅದು ಊಟ ಹಾಕದ ಮದುವೆಯ ಹಾಗೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹೊಯ್ದು ಕೊಡುವ ವಿದ್ಯೆ ಮಾತ್ರ ಸಾಫ್ಟ್‌ವೇರಿನ ರಾಜಧಾನಿಯಲ್ಲಿ ಯಾರಿಗೂ ಕೋಡ್ ಮಾಡಲು ಆಗಿಲ್ಲ.

ಬೈ ಟು ಅಂದರೆ ಅರ್ಧ ಕಾಫಿ ಎಂದುಕೊಂಡವರು ಈ ಊರಲ್ಲಿ ಬಾಡಿಗೆಗಿದ್ದಾರೆ, ಅಷ್ಟೆ. ಸರಿಯಾದ ಬೈ ಟುವಿನಲ್ಲಿ ಎರಡು ಲೋಟದಲ್ಲೂ ಮುಕ್ಕಾಲು ಮುಕ್ಕಾಲು ಕಾಫಿ ಇರಬೇಕು. ಕೂಡಿದರೆ ಒಂದೂವರೆ. ಮಿಕ್ಕ ಅರ್ಧ ಎಲ್ಲಿಂದ ಬಂತು ಎಂದು ಗಿರಾಕಿ ಕೇಳುವುದಿಲ್ಲ, ಮಾಲೀಕ ಹೇಳುವುದಿಲ್ಲ. ಎತ್ತರದಿಂದ ಹೊಯ್ದ ನೊರೆಗೆ ಅದರ ಲೆಕ್ಕ ಗೊತ್ತು. ಮೂವರು ಬಂದರೆ ‘ಟು ಬೈ ತ್ರೀ’. ಶಾಲೆಯಲ್ಲಿ ಭಿನ್ನರಾಶಿ ಹತ್ತದೆ ಕುಂದಾಪುರದಿಂದ ಬಸ್ಸು ಹತ್ತಿ ಬಂದ ಮಾಣಿ, ಗಾಂಧಿಬಜಾರಿನಲ್ಲಿ ದಿನಕ್ಕೆ ಮುನ್ನೂರು ಭಿನ್ನರಾಶಿ ಬಾಯಲ್ಲೇ ಬಿಡಿಸುತ್ತಿದ್ದ. ಅಡುಗೆಮನೆ ಕಡೆ ಮುಖ ಮಾಡಿ ‘ಎರಡು ಮಸಾಲೆ, ಒಂದು ಖಾಲಿ, ಒಂದು ಬೈ ಟು ಸ್ಟ್ರಾಂಗ್, ಒಂದಕ್ಕೆ ಸಕ್ಕರೆ ಇಲ್ಲ’ ಎಂದು ಕೂಗಿದರೆ ಮುಗಿಯಿತು. ಅದೇ ಸಿಸ್ಟಮ್. ಕರೆಂಟ್ ಹೋದರೂ ನಡೆಯುತ್ತಿತ್ತು.

ಬೈ ಟು ಹುಟ್ಟಿದ್ದು ಬಾಯಾರಿಕೆಗೂ ಅಲ್ಲ, ಬಡತನಕ್ಕೂ ಅಲ್ಲ. ಅದು ಇನ್ನರ್ಧ ಗಂಟೆ ಕೂರುವ ಪರವಾನಗಿ. ಸಾಲ ಕೇಳುವವನು ಮೊದಲ ಬೈ ಟುವಿನಲ್ಲಿ ಮಳೆ ಬೆಳೆ ವಿಚಾರಿಸಿ ಎರಡನೆಯದರಲ್ಲಿ ವಿಷಯಕ್ಕೆ ಬರುತ್ತಿದ್ದ. ಜಾತಕ ಕೂಡಿತೋ ಇಲ್ಲವೋ ಎಂಬುದು ಮೂರನೆಯದರಲ್ಲಿ ತಿಳಿಯುತ್ತಿತ್ತು.

ಇರಲಿ. ಚೈನುಗಳು ನಮ್ಮನ್ನು ಮರೆತಿವೆ ಎಂದರೆ ಅನ್ಯಾಯವಾದೀತು. 2022ರಲ್ಲಿ ಸ್ಟಾರ್‌ಬಕ್ಸ್‌ನವರು ಪ್ರಯೋಗಕ್ಕೆಂದು ಆರಿಸಿಕೊಂಡ ನಾಲ್ಕು ಊರುಗಳಲ್ಲಿ ಒಂದಾದ ಬೆಂಗಳೂರಿಗೂ ಪುಟ್ಟ ಕಪ್ಪಿನಲ್ಲಿ ಫಿಲ್ಟರ್ ಕಾಫಿ ಪರಿಚಯಿಸಿದರು. ಪುಟ್ಟ ಕಪ್ಪಿನ ದರ ಆಗ 185 ರೂಪಾಯಿಯಿಂದ ಶುರುವಾಗುತ್ತಿತ್ತು. ಬೆಂಗಳೂರಿಗೆ ಫಿಲ್ಟರ್ ಕಾಫಿ ಪರಿಚಯ! ನಮ್ಮ ಭಾವನ ತೋಟಕ್ಕೆ ಹೋಗಿ ‘ಇದಕ್ಕೆ ತೆಂಗಿನಕಾಯಿ ಅನ್ನುತ್ತಾರೆ’ ಎಂದು ತೋರಿಸಿದ ಹಾಗೆ. ಅದಕ್ಕೂ ಮೊದಲು, 2017ರಲ್ಲಿ, ಮೆಕ್‌ಡೊನಾಲ್ಡ್ಸ್‌ನವರು ಮಸಾಲೆ ದೋಸೆಯನ್ನು ಬನ್ನಿನೊಳಗೆ ಇಟ್ಟರು. ದೋಸೆ ಇಲ್ಲದ ದೋಸೆ. ಅದ್ವೈತಿಗಳ ನಾಡಿನಲ್ಲಿ ನಾವು ಅದನ್ನೂ ತಡೆದುಕೊಂಡೆವು.

ಒಂದು ಕಾಲದಲ್ಲಿ ನಮಗೆ ಕೋಪವಾದರೂ ಬರುತ್ತಿತ್ತು. 1995ರ ಜೂನ್‌ನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ದೇಶದಲ್ಲೇ ಮೊದಲ ಅಂಗಡಿ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಹಸಿರು ಶಾಲು ಬೀದಿಗಿಳಿಯಿತು. ಕೋಳಿಯಲ್ಲಿ ಅಜಿನೊಮೊಟೊ ಹೆಚ್ಚಾಯಿತೆಂದು ಪಾಲಿಕೆ ಪರವಾನಗಿ ಕಿತ್ತುಕೊಂಡಿತು. ನಮ್ಮ ಪಾಲಿಕೆ, ಅಜಿನೊಮೊಟೊ ಅಳೆದು ನೋಡಿದ ದಿನಗಳಿದ್ದವು ಸ್ವಾಮಿ! 1996ರ ಜನವರಿ 30ರಂದು, ಗಾಂಧಿ ಹುತಾತ್ಮರಾದ ದಿನ, ರೈತರು ಒಳನುಗ್ಗಿ ಅಂಗಡಿ ಒಡೆದರು. ದಿನ ಆರಿಸಿಕೊಂಡ ಬಗ್ಗೆ ಗಾಂಧಿಯನ್ನು ಯಾರೂ ಕೇಳಿದ ಹಾಗಿಲ್ಲ. ದಿಲ್ಲಿಯವರದು ಇನ್ನೂ ಸೂಕ್ಷ್ಮ: ಅಡುಗೆಮನೆಯಲ್ಲಿ ಎರಡು ನೊಣ ಕಂಡವೆಂದು ಬಾಗಿಲು ಹಾಕಿಸಿದರು. ಆ ಕಾನೂನನ್ನು ನಮ್ಮ ಬೀದಿಯ ಜಿಲೇಬಿ ತಟ್ಟೆಗಳಿಗೆ ಅನ್ವಯಿಸಿದ್ದರೆ ಕರ್ನಾಟಕದಲ್ಲಿ ಸಿಹಿಯೇ ಉಳಿಯುತ್ತಿರಲಿಲ್ಲ. ಈಗ ಕೆಎಫ್‌ಸಿ ಯಾವ ಮಾಲಿನಲ್ಲಿಲ್ಲ ಹೇಳಿ. ಹಸಿರು ಶಾಲಿನವರ ಮೊಮ್ಮಕ್ಕಳು ಬಕೆಟ್ಟೇ ಆರ್ಡರ್ ಮಾಡುತ್ತಾರೆ.

ಲೋಕಲ್ಲಿನವರು ಸಾಕ್ಷಾತ್ ಅನ್ನಪೂರ್ಣೆಯ ಮಕ್ಕಳು ಅಂತೇನೂ ನಾನು ಹೇಳುತ್ತಿಲ್ಲ. ಟೇಬಲ್ ಒರೆಸುವ ಬಟ್ಟೆಯ ವಾಸನೆ ನಿಮಗೂ ಗೊತ್ತು, ನನಗೂ ಗೊತ್ತು. ನೀವು ಕೊನೇ ತುತ್ತು ಬಾಯಿಗಿಡುವಾಗ ಕುರ್ಚಿಯ ಬೆನ್ನು ಹಿಡಿದು ನಿಂತವನ ಉಸಿರು ನಿಮ್ಮ ಕತ್ತಿಗೇ ಬಡಿಯುತ್ತದೆ. ಇನ್ನು ಲೋಕಲ್ ಅಂದರೆ ಯಾವುದು? ‘ಸಾಗರ್’ ಎಂದು ಮುಗಿಯುವ ಹೋಟೆಲುಗಳನ್ನು ಎಣಿಸಿ ನೋಡಿ. ಒಂದಕ್ಕೂ ಇನ್ನೊಂದಕ್ಕೂ ಸೂತಕದ ಸಂಬಂಧವೂ ಇಲ್ಲ. ಹೆಸರು ಮಾತ್ರ ಚೈನು, ಮಾಲೀಕರು ಬೇರೆ ಬೇರೆ, ಎಲ್ಲ ಕಡೆ ಸಾಂಬಾರು ಒಂದೇ ಸಿಹಿ. 1924ರಲ್ಲಿ ಶುರುವಾದ ನಮ್ಮ ಎಂಟಿಆರ್ ಸಿಂಗಪುರದಲ್ಲೂ ಲಂಡನ್ನಿನಲ್ಲೂ ದೋಸೆ ಹುಯ್ಯುತ್ತಿದೆ. ಹೋಟೆಲು ಮನೆತನದವರ ಕೈಯಲ್ಲೇ ಇದೆ, ಆದರೆ ಪುಡಿ ಪೊಟ್ಟಣದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಅಜ್ಜಿಯ ಕೈರುಚಿ ಎಂದು ನೀವು ಬಿಸಿಬೇಳೆಬಾತಿಗೆ ಹಾಕುವ ಪುಡಿಯ ಅಜ್ಜಿ ಓಸ್ಲೋದಲ್ಲಿದ್ದಾರೆ.

ಆದರೂ ಒಂದು ವ್ಯತ್ಯಾಸ ಉಂಟು. ವಿದ್ಯಾರ್ಥಿ ಭವನ 1943ರದು, ಇವತ್ತಿಗೂ ಶುಕ್ರವಾರ ಬಾಗಿಲು ಹಾಕುತ್ತದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿಗೆ ಸಾಂಬಾರೇ ಇಲ್ಲ. ಚಟ್ನಿ ಹಾಕಿಸಿಕೊಳ್ಳಿ, ಬೇಕಾದರೆ ಇನ್ನೊಂದು ಸಲ ಹಾಕಿಸಿಕೊಳ್ಳಿ, ಹೊರಡಿ. ಎಂಬಿಎ ಮಾಡಿದ ಯಾವ ಕನ್ಸಲ್ಟೆಂಟಿಗೆ ಬೇಕಾದರೂ ಇದನ್ನು ತೋರಿಸಿ, ಅಳುತ್ತಾನೆ. ‘ಇಲ್ಲ’ ಅನ್ನುವ ಧೈರ್ಯ ಇರುವುದು ಮಾಲೀಕ ಗಲ್ಲಾದಲ್ಲಿ ಕೂತಿರುವ ಕಡೆ ಮಾತ್ರ. ಚೈನಿನಲ್ಲಿ ‘ಇಲ್ಲ’ ಅನ್ನುವುದು ಸಿಸ್ಟಮ್, ಹುಡುಗ ಅದರ ವಕ್ತಾರ.

ಹೊಸ ಅಂಗಡಿಯ ಗೋಡೆಗೆ ಒಂದು ಮಾಸಲು ಫೋಟೊ ಹಾಕಿದ್ದಾರೆ. ರುಮಾಲು ಸುತ್ತಿದ ಅಜ್ಜ, ಮುಂದೆ ಹಿತ್ತಾಳೆ ಫಿಲ್ಟರು. “ಯಾರಪ್ಪ ಇವರು, ಓನರ್ ತಾತನಾ?” ಎಂದು ಭಾವ ಕೇಳಿದರು. ಹುಡುಗ, “ಗೊತ್ತಿಲ್ರಿ, ಎಲ್ಲಾ ಬ್ರ್ಯಾಂಚ್ನ್ಯಾಗೂ ಇವ್ರ ಅದಾರ್ರಿ” ಅಂದ.

ಮುಚ್ಚಿಹೋದ ಹೋಟೆಲಿನಲ್ಲೂ ಒಬ್ಬ ತಾತನ ಫೋಟೊ ಇತ್ತು. ಕಟ್ಟು ಒಡೆದಿತ್ತು, ದಿನಾ ಒಂದು ಮೊಳ ಹೂ ಬೀಳುತ್ತಿತ್ತು. ಅವರು ಯಾರ ತಾತ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಹೋಟೆಲು ಮುಚ್ಚುತ್ತದೆ ಎಂದು ತಿಳಿದ ದಿನ ನೀವು ಅಲ್ಲಿರಬೇಕಿತ್ತು. ಸಾಲು ರಸ್ತೆ ದಾಟಿ ಮೆಡಿಕಲ್ ಸ್ಟೋರಿನ ತನಕ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2022ರ ಡಿಸೆಂಬರ್‌ನಲ್ಲಿ ಮುಚ್ಚಿದಾಗಲೂ ಇದೇ ಕತೆ. 1954ರ ಹೋಟೆಲು, ಇಡೀ ಊರು ತನ್ನ ಬಾಲ್ಯವೇ ಅಲ್ಲಿ ಕಳೆದಿತ್ತು ಎಂದು ಬರೆದುಕೊಂಡಿತು. ಇವರೆಲ್ಲ ಅದರ ಹಿಂದಿನ ಮಂಗಳವಾರ ಎಲ್ಲಿದ್ದರು? ನಾನೂ ನಮ್ಮ ತಿರುವಿನ ಹೋಟೆಲಿಗೆ ಎರಡು ವರ್ಷದಿಂದ ಕಾಲಿಟ್ಟಿರಲಿಲ್ಲ. ಪಾರ್ಕಿಂಗ್ ಇಲ್ಲ ಎಂಬ ನೆಪ. ಕೊನೇ ದಿನ ಹೋಗಿ, ಖಾಲಿ ತಟ್ಟೆಯ ಫೋಟೊ ತೆಗೆದು, ಮೂರು ಸಾಲು ಬರೆದು, ಲೈಕು ಎಣಿಸಿದೆ. ಗಲ್ಲಾದಲ್ಲಿದ್ದ ಮಾಲೀಕರು “ಬಹಳ ದಿನ ಆಯ್ತು ನೋಡಿ ಸಾರ್” ಅಂದರು. ಅಷ್ಟೇ ಅಂದರು.

ತಮಾಷೆ ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. ಚೈನಿನವನು ನಾಲ್ಕು ವರ್ಷ ನಷ್ಟ ಮಾಡಿದರೆ ಅದಕ್ಕೆ ವಿಸ್ತರಣೆ ಎಂದು ಹೆಸರು, ಇನ್ನೊಬ್ಬ ಬಂದು ಇನ್ನಷ್ಟು ಹಣ ಹಾಕುತ್ತಾನೆ. ಮೂಲೆ ಹೋಟೆಲಿನವನು ನಾಲ್ಕು ತಿಂಗಳು ನಷ್ಟ ಮಾಡಿದರೆ ಹೆಂಡತಿಯ ಬಳೆ ಅಡಮಾನಕ್ಕೆ ಹೋಗುತ್ತದೆ. ಬಾಡಿಗೆ, ಅಡ್ವಾನ್ಸು, ವಾಣಿಜ್ಯ ಸಿಲಿಂಡರು, ಹಾಲಿನ ದರ. ಇಷ್ಟಾದ ಮೇಲೂ ಕಾಫಿಗೆ ಎರಡು ರೂಪಾಯಿ ಏರಿಸಿದರೆ ‘ಹೋಟೆಲಿನವರ ಹಗಲುದರೋಡೆ’ ಎಂದು ನಾವೇ ಕೂಗುತ್ತೇವೆ. ಕೂಗಿ, ಬೀದಿ ದಾಟಿ, 200 ರೂಪಾಯಿಯ ಕಾಫಿಗೆ ನಮ್ಮ ಹೆಸರು ಬರೆಸಿಕೊಳ್ಳುತ್ತೇವೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ಇಲಾಖೆ ನೋಟಿಸು ಹಂಚಿತಲ್ಲ, ಯಾರಿಗೆ ಬಂತು? ಬೇಕರಿಯವನಿಗೆ, ಟೀ ಅಂಗಡಿಯವನಿಗೆ, ಹಾವೇರಿಯಲ್ಲಿ ತರಕಾರಿ ಮಾರುವವನಿಗೆ 29 ಲಕ್ಷ. ದುಡ್ಡನ್ನು ಫೋನಿನಲ್ಲಿ ತಗೊಳ್ಳಿ, ದೇಶ ಮುಂದೆ ಹೋಗುತ್ತದೆ ಎಂದು ಹೇಳಿದ್ದೂ ಇವರಿಗೇ. ಆಮೇಲೆ ಮುಖ್ಯಮಂತ್ರಿಗಳು ಸಮಾಧಾನ ಹೇಳಿದರು, ಸರಿ. ಅಷ್ಟರಲ್ಲಿ ಕ್ಯೂಆರ್ ಕೋಡುಗಳು ಗೋಡೆಯಿಂದ ಕಿತ್ತು ಬಂದಿದ್ದವು.

ಭಾವ ಕಾಫಿ ಬೇಡವೆಂದರು. ಹುಡುಗ ಮತ್ತೆ ಬಗ್ಗಿದ. “ಹಿಂದಿನ ಗಲ್ಲ್ಯಾಗ ಗಾಡಿ ಐತ್ರಿ ಸರ. ಬ್ರೇಕ್ನ್ಯಾಗ ನಾವೆಲ್ಲ ಅಲ್ಲೇ ಕುಡೀತೀವ್ರಿ.”

ಗಾಡಿಯವನು ಬೈ ಟು ಅಂದ ತಕ್ಷಣ ಎರಡು ಪೇಪರ್ ಕಪ್ಪು ಇಟ್ಟು ಎರಡಕ್ಕೂ ಕಂಠಮಟ್ಟ ಹೊಯ್ದ. ಹೆಸರು ಕೇಳಲಿಲ್ಲ, ಫೋನ್ ನಂಬರ್ ಕೇಳಲಿಲ್ಲ. ಭಾವ ಒಂದು ಗುಟುಕು ಕುಡಿದು, “ಚಿಕೋರಿ ಜಾಸ್ತಿ” ಅಂದರು, ಬಹಳ ತೃಪ್ತಿಯಿಂದ. ನಾನು ಫೋನು ತೆಗೆದೆ. ಗಾಡಿಯ ಗಾಜಿಗೆ ಅಂಟಿಸಿದ ಹಾಳೆ, ಮಳೆಗೆ ಮಸಿ ಇಳಿದದ್ದು: ‘ಯುಪಿಐ ಇಲ್ಲ. ಕ್ಯಾಷ್ ಮಾತ್ರ.’ ನನ್ನ ಜೇಬಿನಲ್ಲಿ ಒಂದು ರೂಪಾಯಿ ಇಲ್ಲ. ಭಾವನ ಹತ್ತಿರ ಐನೂರರ ನೋಟು, ಗಾಡಿಯವನ ಹತ್ತಿರ ಚಿಲ್ಲರೆ ಇಲ್ಲ.

“ನಾಳೆ ಕೊಡಿ, ಹೋಗಿ” ಅಂದ, ನಮ್ಮ ಮುಖ ಕೂಡ ನೋಡದೆ, ಮುಂದಿನವನಿಗೆ ಕಪ್ಪು ಇಡುತ್ತ.

ಹದಿನೈದು ರೂಪಾಯಿ. ಮೂರು ವಾರ ಆಯಿತು, ಆ ಕಡೆ ಹೋಗಲು ಇನ್ನೂ ಆಗಿಲ್ಲ. ಅಲ್ಲೂ ಪಾರ್ಕಿಂಗ್ ಇಲ್ಲ.