ಸದ್ದಿಗೊಂದು ಸಾಷ್ಟಾಂಗ

ನಿನ್ನೆ ರಾತ್ರಿ ಒಂಬತ್ತೂವರೆಗೆ ಕೆಳಗಿನ ಮನೆಯವರು ಬೆಲ್ ಮಾಡಿದರು. "ಸಾರ್, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ? ನಮ್ಮನೆ ಶೋಕೇಸ್ ಗಾಜೆಲ್ಲ ಗುಂಯ್ ಅಂತಿದೆ." ನನಗೆ ಹೊಟ್ಟೆ ಉರಿದುಹೋಯಿತು. ದೂರು ಹೇಳಿದರು ಅಂತಲ್ಲ. ಆ ಗುಂಯ್ ನನಗೆ ಕೇಳಿಸುತ್ತಲೇ ಇರಲಿಲ್ಲವಲ್ಲ! ದುಡ್ಡು ಕೊಟ್ಟು ಸಬ್‌ವೂಫರ್ ಅನ್ನುವ ದಪ್ಪ ಸದ್ದಿನ ಸ್ಪೀಕರ್ ಪೆಟ್ಟಿಗೆ ತಂದವನು ನಾನು, ಆ ದಪ್ಪ ಸದ್ದು, ಅಂದರೆ ಬೇಸ್, ಕೇಳುತ್ತಿರುವವರು ಅವರು.

ಅವರಷ್ಟೇ ಅಲ್ಲ. ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತರೆ ಡೊಳ್ಳು ಎದೆಗೇ ಬಡಿಯುತ್ತದೆ. ಒಳಗೆ ಸ್ಟೀಲ್ ಡಬ್ಬಗಳು ತಾಳ ಹಾಕುತ್ತವೆ. ಸೋಫಾದಲ್ಲಿ ಕೂತರೆ ಮಾತ್ರ ಅದೇ ಡೊಳ್ಳು ಬೆಂಕಿಪೊಟ್ಟಣ ತಟ್ಟಿದ ಹಾಗೆ. ರಿಮೋಟಿನಲ್ಲಿ ಬೇಸ್ ಜಾಸ್ತಿ ಮಾಡಿದಷ್ಟೂ ಡಬ್ಬಗಳಿಗೆ ಹುರುಪು. ನನಗೆ ಅದೇ ಬೆಂಕಿಪೊಟ್ಟಣ.

ತಪ್ಪು ಪೆಟ್ಟಿಗೆಯದ್ದಲ್ಲ, ಗೋಡೆಗಳದ್ದು. ನಮ್ಮ ಹಾಲ್ 14 ಅಡಿ ಉದ್ದ. ಇಷ್ಟು ಉದ್ದದ ಕೋಣೆಯಲ್ಲಿ ಸುಮಾರು 40 ಹರ್ಟ್ಝ್‌ನ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ದಪ್ಪ ಸದ್ದು ಆ ಗೋಡೆಗೂ ಈ ಗೋಡೆಗೂ ಬಡಿದು, ಗೋಡೆ ಪಕ್ಕ ಉಬ್ಬುತ್ತದೆ, ನಟ್ಟನಡುವೆ ಸತ್ತುಹೋಗುತ್ತದೆ. ನಮ್ಮ ಸೋಫಾ ಎಲ್ಲಿದೆ ಹೇಳಿ? ನಟ್ಟನಡುವೆ. ಅದರ ಹಿಂದೆ ಡೈನಿಂಗ್ ಟೇಬಲ್, ಟೇಬಲ್ ಮೇಲೆ ಇಸ್ತ್ರಿಗೆ ಕಾದಿರುವ ಬಟ್ಟೆ ಗುಡ್ಡ.

ಇದಕ್ಕೊಂದು ಮದ್ದಿದೆ. ನಾವು ಕೂರುವ ಜಾಗದಲ್ಲಿ ಸಬ್‌ವೂಫರನ್ನು ಕೂರಿಸಿ, ನಾವು ನೆಲದ ಮೇಲೆ ತೆವಳಬೇಕು. ಎಲ್ಲಿ ಬೇಸ್ ಚೆನ್ನಾಗಿ ಕೇಳುತ್ತದೋ ಅದೇ ಅದರ ಜಾಗ. ತಮಾಷೆ ಅಲ್ಲ, ಈ ಹುಚ್ಚಿನವರೆಲ್ಲ ಮಾಡುವುದೇ ಹೀಗೆ.

ಇವತ್ತು ಎರಡನೇ ಶನಿವಾರ, ರಜೆ. ಪಂಚೆ ಎತ್ತಿ ಕಟ್ಟಿ ಹೊರಟೆ. ಟಿವಿ ಸ್ಟ್ಯಾಂಡ್ ಪಕ್ಕ ಏನೂ ಇಲ್ಲ. ಚಪ್ಪಲಿ ಗೂಡಿನ ಹತ್ತಿರ ಬರೀ ಗೊಂಯ್. ದೇವರ ಮಂಟಪದ ಮೂಲೆಗೆ ಬಂದೆ ನೋಡಿ, ಆಹಾ! ಹಣೆಯನ್ನು ನೆಲಕ್ಕೆ ತಾಗಿಸಿ ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಹಾಗಿದ್ದೆನೋ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಸಿಲಿಂಡರ್ ತಂದ ಹುಡುಗ. ಸಿಲಿಂಡರ್ ಇನ್ನೂ ಹೆಗಲ ಮೇಲೇ ಇದೆ, ಚಪ್ಪಲಿ ಆಗಲೇ ಹೊರಗೆ ಬಿಟ್ಟಿದ್ದಾನೆ.

"ಪೂಜೆ ಮುಗೀಲಿ ಸಾರ್, ಕಾಯ್ತೀನಿ" ಅಂದ, ಪಿಸುದನಿಯಲ್ಲಿ.

ಹತ್ತಿರ ಹತ್ತಿರ 30 ಕೆಜಿ ಹೊತ್ತುಕೊಂಡು ಕಾಯ್ತೀನಿ ಅನ್ನುವವನಿಗೆ ಸಬ್‌ವೂಫರ್ ಅಂತ ಹೇಗೆ ಹೇಳುವುದು? ಸುಮ್ನೆ ಇನ್ನೊಂದು ನಮಸ್ಕಾರ ಹಾಕಿ, ಕೆನ್ನೆ ತಟ್ಟಿಕೊಂಡು ಎದ್ದೆ. ಅಷ್ಟರಲ್ಲಿ ಒಳಗಿನಿಂದ ಅಮ್ಮ, "ಪೂಜೆ ಎಲ್ಲಿ ಬಂತಪ್ಪ! ಸದ್ದು ಕಳ್ಕೊಂಡು ಹುಡುಕ್ತಿದ್ದಾನೆ. ನೀನು ಸಿಲಿಂಡರ್ ತಂದಿಡು" ಅಂದಳು. ಸೋಫಾದ ಮೇಲೆ ನೆಂಟರ ಹಾಗೆ ಕೂತಿದ್ದ ಕರಿ ಪೆಟ್ಟಿಗೆಯನ್ನು ಹುಡುಗ ನೋಡಿದ. ನನ್ನನ್ನು ನೋಡಿದ. ಓಟಿಪಿ ಕೇಳುವಾಗಲೂ ಒಂದು ಹೆಜ್ಜೆ ದೂರವೇ ನಿಂತಿದ್ದ.

ಆ ಮೂಲೆ ಸಿಗಲಿಲ್ಲ ಬಿಡಿ. "ದೇವರ ಕಾಲಬುಡದಲ್ಲಿ ಅದನ್ನಿಟ್ರೆ ನೋಡು" ಅಂದಳು ಅಮ್ಮ.

ಅಪ್ಪನ ರೇಡಿಯೊ ಇದ್ದದ್ದೂ ಮೂಲೆಯಲ್ಲೇ. ಊರಿನ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ. ಮೂಲೆಯ ಗೋಡೆಗಳು ಬೇಸ್ ಹೆಚ್ಚಿಸುತ್ತವೆ ಅಂತ ಅಪ್ಪನಿಗೇನೂ ಗೊತ್ತಿರಲಿಲ್ಲ. ಪ್ಲಗ್ ಅಲ್ಲಿತ್ತು, ಅಷ್ಟೆ. ಪ್ರದೇಶ ಸಮಾಚಾರ ಓದುವವರ ದನಿ ಹಂಡೆಯೊಳಗಿಂದ ಬಂದ ಹಾಗೆ ತುಂಬಿಕೊಂಡು ಬರುತ್ತಿತ್ತು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ನನಗೂ ಕೇಳುತ್ತಿತ್ತು, ಒಳಗೆ ಗಡ್ಡ ಹೆರೆಯುತ್ತಿದ್ದ ಅಪ್ಪನಿಗೂ.

ಕೊನೆಗೆ ಸಬ್‌ವೂಫರನ್ನು ಕೆಳಗಿಳಿಸಿ, ಸೋಫಾವನ್ನೇ ಎರಡಡಿ ಹಿಂದೆ ತಳ್ಳಿದೆ. ಡೊಳ್ಳು ಬಂತು! ಆದರೆ ಈಗ ಡೈನಿಂಗ್ ಟೇಬಲ್ಲಿನ ಈ ಕಡೆಯ ಕುರ್ಚಿಗಳನ್ನು ಎಳೆಯಲು ಜಾಗವಿಲ್ಲ. ಮಧ್ಯಾಹ್ನ ಅಮ್ಮ ಏನೂ ಮಾತಾಡದೆ ನನ್ನ ತಟ್ಟೆ ತಂದು, ಸೋಫಾ ಪಕ್ಕದಲ್ಲಿದ್ದ ಸಬ್‌ವೂಫರ್ ಮೇಲೆ ಇಟ್ಟು ಹೋದಳು. ಬಟ್ಟಲಲ್ಲಿ ಸಾರು ಸಣ್ಣಗೆ ನಡುಗುತ್ತಿತ್ತು.