ಕಪ್ಪು-ಬಿಳುಪು ನೆಗೆಟಿವ್‌ಗೆ ಡಿಜಿಟಲ್ ಐಸ್ ಬೇಡ

ಹಳೆಯ ನೆಗೆಟಿವ್ ಸ್ಕ್ಯಾನ್ ಮಾಡುವ ಬಗ್ಗೆ ನೀವು ಬರೆದದ್ದನ್ನು ಓದಿದೆ. ಯಾವ ನೆಗೆಟಿವ್ ಆದರೂ ಸರಿ, ಸ್ಕ್ಯಾನರ್‌ನಲ್ಲಿ ಡಿಜಿಟಲ್ ಐಸ್ (ಇನ್‌ಫ್ರಾರೆಡ್ ಬೆಳಕಿನಿಂದ ದೂಳು-ಗೀರು ಪತ್ತೆಹಚ್ಚಿ ಅಳಿಸುವ ಸೌಲಭ್ಯ) ಆನ್ ಮಾಡಿದರೆ ದೂಳು, ಗೀರು ಎಲ್ಲ ಮಾಯ ಅಂತ ಬರೆದಿದ್ದೀರಲ್ಲ, ಅದೊಂದನ್ನು ಒಪ್ಪಲು ಆಗಲಿಲ್ಲ. ಬಣ್ಣದ ಫಿಲ್ಮಿಗೆ ಸರಿ. ತೊಳೆದ (ಅಂದರೆ ಡೆವಲಪ್ ಮಾಡಿದ) ಮೇಲೆ ಅದರಲ್ಲಿ ಉಳಿಯುವುದು ಬರೀ ಬಣ್ಣ, ಇನ್‌ಫ್ರಾರೆಡ್ ಬೆಳಕು ಅದರೊಳಗೆ ಸಲೀಸಾಗಿ ದಾಟುತ್ತದೆ, ದೂಳು-ಗೀರು ಮಾತ್ರ ಅಡ್ಡ ಬರುತ್ತವೆ, ಹಾಗಾಗಿ ಎಲ್ಲಿ ತೇಪೆ ಹಾಕಬೇಕೆಂದು ಸ್ಕ್ಯಾನರ್‌ಗೆ ಗೊತ್ತಾಗುತ್ತದೆ. ಆದರೆ ಮಾಮೂಲಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯದು. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ. ಪಾಪ, ಸ್ಕ್ಯಾನರ್ ಅದನ್ನೇ ದೂಳು ಅಂದುಕೊಳ್ಳುತ್ತದೆ!

ನಮ್ಮಜ್ಜಿಯ ಮದುವೆ ನೆಗೆಟಿವ್‌ಗಳಿಗೆ ನಾನು ಇದನ್ನೇ ಮಾಡಿ ಕೆಟ್ಟೆ. ಸೀರೆಯ ಅಂಚು ಕಲಸಿಹೋಯಿತು, ಮೂಗುತಿ ಕಾಣಲೇ ಇಲ್ಲ. ಆಮೇಲೆ ಐಸ್ ಆಫ್ ಮಾಡಿ, ಬ್ಲೋವರ್‌ನಲ್ಲಿ ಚೆನ್ನಾಗಿ ಊದಿ, ಮತ್ತೆ ಸ್ಕ್ಯಾನ್ ಮಾಡಿ, ಉಳಿದ ಬಿಳಿ ಚುಕ್ಕೆಗಳನ್ನು ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನ ಹೀಲಿಂಗ್ ಬ್ರಷ್‌ನಲ್ಲಿ (ಕಲೆ ಅಳಿಸುವ ಸಾಧನ) ಒಂದೊಂದಾಗಿ ತೆಗೆದೆ. ಒಂದು ಫ್ರೇಮಿಗೆ ಮುಕ್ಕಾಲು ಗಂಟೆ. ಬೇಜಾರಿನ ಕೆಲಸ ನಿಜ, ಆದರೆ ಮೂಗುತಿ ವಾಪಸ್ ಬಂತಲ್ವಾ.

ಇಲ್ಫೋರ್ಡ್ ಎಕ್ಸ್‌ಪಿ2ನಂಥ ಫಿಲ್ಮ್ ಮಾತ್ರ ಬೇರೆ. ಅದು ಕಪ್ಪು-ಬಿಳುಪಾದರೂ ಬಣ್ಣದ ಫಿಲ್ಮಿನ ಹಾಗೆ ಸಿ-41 ಎಂಬ ರಾಸಾಯನಿಕ ವಿಧಾನದಲ್ಲಿ ತೊಳೆಯುವಂಥದ್ದು, ಬೆಳ್ಳಿ ಉಳಿಯುವುದಿಲ್ಲ, ಹಾಗಾಗಿ ಐಸ್ ನಡೆಯುತ್ತದೆ. ಇನ್ನೊಂದು, ಬೂಷ್ಟು ಹಿಡಿದ ನೆಗೆಟಿವ್ ಇದ್ದರೆ (ನಮ್ಮ ಮಲೆನಾಡಿನ ಮನೆಗಳಲ್ಲಿ ಜಾಸ್ತಿ) ಸುಮ್ನೆ ನೀರಿಗೆ ಹಾಕಿಬಿಡಬೇಡಿ. ಬೂಷ್ಟು ತಿಂದ ಜೆಲಾಟಿನ್ (ಫಿಲ್ಮಿನಲ್ಲಿ ಚಿತ್ರ ಹಿಡಿದಿರುವ ಪದರ) ನೀರಿನಲ್ಲಿ ಕರಗುತ್ತದೆ, ಜೊತೆಗೆ ಚಿತ್ರವೂ ಹೋಗುತ್ತದೆ.